ಬೆಳಕನ್ನು ಮೀರಿ ಓಡುವ ನೌಕೆ

ಗಣಕಯಂತ್ರದ ಆಟಗಳೆಂದರೆ ಮಕ್ಕಳ ಕಣ್ಣು ಕೆಡಿಸುವ, ವಿದ್ಯಾಭ್ಯಾಸವನ್ನು ಹಾಳುಗೆಡಹುವ ವಸ್ತುಗಳೆಂದು ನಮ್ಮ ಮನೆಗಳ ಹಿರಿಯರು ತೀರ್ಮಾನಿಸಿ ಬಹಳ ಕಾಲವಾಯಿತು. ಆ ತೀರ್ಮಾನದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲು ಈ ಲೇಖಕನೂ ಸಿದ್ಧನಿಲ್ಲ. ಆದರೆ ಯಾವುದನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವ ಮುನ್ನ ಅದನ್ನು ಒಮ್ಮೆ ಕುಳಿತು ನೋಡುವುದು ಹಿರಿಯರಾದವರ ಕರ್ತವ್ಯವಲ್ಲವೇ? ಬೇಸಿಗೆಯ ರಜೆಗೆಂದು ಬಂದಿದ್ದ ಮೊಮ್ಮಗನ ಪಕ್ಕದಲ್ಲಿ ಕುಳಿತು ನಾನು ಅಂಥದೊಂದು ಆಟವನ್ನು ನೋಡಿದೆ. ನೋಡುತ್ತ ನೋಡುತ್ತ ಆಡಿದೆ. ಒಂದಲ್ಲ, ಹಲವು ಬಾರಿ ಸೋತೆ. ಆ ಸೋಲುಗಳ ಫಲವೇ ಈ ಲೇಖನ.

ಆಟದ ಹೆಸರು ‘ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್’, ಅಂದರೆ ಬೆಳಕಿಗಿಂತಲೂ ವೇಗವಾಗಿ. ಶಾಂಘೈ ನಗರದಲ್ಲಿ ದೊಡ್ಡ ಸಂಸ್ಥೆಯೊಂದರ ಆಟ ತಯಾರಿಕಾ ಶಾಖೆಯಲ್ಲಿದ್ದ ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರು 2011ರಲ್ಲಿ ಉದ್ಯೋಗ ತೊರೆದು, ‘ಸಬ್‌ಸೆಟ್ ಗೇಮ್ಸ್’ ಎಂಬ ಹೆಸರಿನಲ್ಲಿ ಪ್ರಧಾನವಾಗಿ ತಾವಿಬ್ಬರೇ ದುಡಿದು ಇದನ್ನು ರೂಪಿಸಿದರು. ಸಾರ್ವಜನಿಕರಿಂದ ಧನಸಂಗ್ರಹ ಮಾಡಿಕೊಡುವ ‘ಕಿಕ್‌ಸ್ಟಾರ್ಟರ್’ ಮೂಲಕ ಅವರು 2012ರಲ್ಲಿ ಕೇಳಿದ್ದು ಕೇವಲ 10,000 ಡಾಲರ್; ಕೂಡಿಬಂದದ್ದು 2 ಲಕ್ಷ ಡಾಲರಿಗೂ ಮಿಗಿಲು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಟ ಹೊರಬಂದಿತು. ಮರುವರ್ಷ ಸ್ವತಂತ್ರ ಆಟಗಳ ಅಂತರರಾಷ್ಟ್ರೀಯ ಉತ್ಸವದಲ್ಲಿ ವಿನ್ಯಾಸಕ್ಕಾಗಿ ಪ್ರಶಸ್ತಿಯನ್ನೂ ಗಳಿಸಿತು.

ಕಥೆ ಸರಳವಾದುದು. ಒಕ್ಕೂಟದ ಸೇನೆ ಬಂಡುಕೋರರ ಮುಂದೆ ಸೋಲುತ್ತಿದೆ. ಶತ್ರುವಿನ ಮಹಾನೌಕೆಯ ಗುಟ್ಟನ್ನು ಹೊತ್ತ ಒಂದು ಚಿಕ್ಕ ಆಕಾಶನೌಕೆ ಎಂಟು ವಲಯಗಳನ್ನು ದಾಟಿ ತನ್ನವರನ್ನು ಸೇರಬೇಕು. ಸೇರಿದ ಮೇಲೆ ಆ ಮಹಾನೌಕೆಯನ್ನು ತಾನೇ ಎದುರಿಸಬೇಕು. ಆಡುವವನಿಗೆ ನೌಕೆ ಕಾಣುವುದು ಮೇಲಿನಿಂದ, ಛಾವಣಿ ತೆಗೆದ ಮನೆಯಂತೆ. ಇದು ಚುಕ್ಕಾಣಿಯ ಕೋಣೆ, ಇದು ಯಂತ್ರದ ಕೋಣೆ, ಇದು ಶಸ್ತ್ರಾಗಾರ, ಇದು ಉಸಿರುಗಾಳಿ ಒದಗಿಸುವ ಕೋಣೆ, ಇದು ಗಾಯಾಳುಗಳ ಆರೈಕೆಯ ಕೋಣೆ. ನಡುವೆ ಬಾಗಿಲುಗಳು. ಮೊದಲ ನೌಕೆಯಾದ ‘ಕೆಸ್ಟ್ರೆಲ್’ನಲ್ಲಿರುವವರು ಮೂವರೇ ಮೂವರು. ಅವರಿಗೆ ನಮಗೆ ಬೇಕಾದ ಹೆಸರಿಡಬಹುದು. ಮೊಮ್ಮಗ ಒಬ್ಬರಿಗೆ ತನ್ನ ತಾಯಿಯ ಹೆಸರು, ಒಬ್ಬರಿಗೆ ತನ್ನ ಹೆಸರು, ಮೂರನೆಯವರಿಗೆ ‘ಅಜ್ಜ’ ಎಂದು ಇಟ್ಟುಬಿಟ್ಟ. ಇದರ ಪರಿಣಾಮವೇನೆಂಬುದು ಆಗ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಈ ಆಟದ ಪ್ರಾಣವಿರುವುದು ಅದರ ಗತಿಯಲ್ಲಿ. ಪ್ರತಿ ವಲಯದಲ್ಲಿ ಇಪ್ಪತ್ತರ ಆಸುಪಾಸಿನ ನಿಲುಗಡೆಗಳು ನಕ್ಷೆಯ ಮೇಲೆ ಚುಕ್ಕಿಗಳಾಗಿ ಹರಡಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಜಿಗಿಯಲು ಒಂದು ಪಾಲು ಇಂಧನ ಬೇಕು. ಎಲ್ಲಿ ಏನು ಕಾದಿದೆಯೋ ಹೋದ ಮೇಲೆಯೇ ಗೊತ್ತು: ಕಳ್ಳರ ನೌಕೆ, ಅಂಗಡಿ, ಆಪತ್ತಿನಲ್ಲಿರುವ ಪ್ರಯಾಣಿಕರು, ಕೆಲವೊಮ್ಮೆ ಬರಿದಾದ ಆಕಾಶ. ಹೆಚ್ಚು ನಿಲುಗಡೆಗಳನ್ನು ಸುತ್ತಿದಷ್ಟೂ ಗುಜರಿ ಲೋಹ ಹೆಚ್ಚು ಸಿಗುತ್ತದೆ. ಆ ಲೋಕದ ನಾಣ್ಯವೇ ಅದು. ಆದರೆ ನಾವು ಒಂದು ಜಿಗಿತ ಜಿಗಿದಾಗಲೆಲ್ಲ ಬಂಡುಕೋರರ ಪಡೆ ಎಡಗಡೆಯಿಂದ ನಕ್ಷೆಯನ್ನು ಕೆಂಪಾಗಿಸುತ್ತ ಒಂದು ಹೆಜ್ಜೆ ಮುಂದೆ ಬರುತ್ತದೆ. ಅದರ ಕೈಗೆ ಸಿಕ್ಕರೆ ಕಾಳಗ ಕಠಿಣ, ಲಾಭ ಶೂನ್ಯಪ್ರಾಯ. ದುರಾಸೆಯಿಂದ ಸುತ್ತುತ್ತ ಕುಳಿತವನು ಸಿಕ್ಕಿಬೀಳುತ್ತಾನೆ. ಹೆದರಿ ನೇರವಾಗಿ ಓಡಿದವನು ಬರಿಗೈಯಲ್ಲಿ ಕೊನೆಯ ವಲಯ ತಲುಪಿ ಅಲ್ಲಿ ಮುಗಿದುಹೋಗುತ್ತಾನೆ. ನಿಹಾರಿಕೆಗಳೊಳಗೆ ಹೊಕ್ಕರೆ ಬೆನ್ನಟ್ಟುವವರ ವೇಗ ತಗ್ಗುತ್ತದೆ. ಆದರೆ ಅಲ್ಲಿ ನಮ್ಮ ಶೋಧಕ ಯಂತ್ರಗಳು ಕುರುಡಾಗುತ್ತವೆ. ಯಾವ ದಾರಿ ಹಿಡಿದರೂ ಏನಾದರೊಂದನ್ನು ತೆರಲೇಬೇಕು.

ಇಷ್ಟು ಅವಸರದ ಆಟದಲ್ಲಿ ಅದನ್ನು ಕಟ್ಟಿದವರು ಒಂದು ಅಪೂರ್ವ ಸೌಕರ್ಯವನ್ನಿಟ್ಟಿದ್ದಾರೆ. ಕಾಳಗದ ನಡುವೆ ಯಾವ ಕ್ಷಣದಲ್ಲಾದರೂ ಸ್ಪೇಸ್ ಬಾರ್ ಒತ್ತಿದರೆ ಎಲ್ಲವೂ ನಿಂತುಬಿಡುತ್ತದೆ. ಹಾರಿದ ಕ್ಷಿಪಣಿ ಆಕಾಶದಲ್ಲೇ ನಿಲ್ಲುತ್ತದೆ. ನಾವು ಸಾವಧಾನವಾಗಿ ನೋಡಿ, ಯೋಚಿಸಿ, ಒಬ್ಬೊಬ್ಬರಿಗೂ ಕೆಲಸ ಹಚ್ಚಿ, ಮತ್ತೆ ಒತ್ತಬಹುದು. ಬೆರಳುಗಳ ಚುರುಕಿಗಿಂತ ಬುದ್ಧಿಯ ಚುರುಕಿಗೆ ಇಲ್ಲಿ ಬೆಲೆ. ಎಪ್ಪತ್ತರ ಸಮೀಪದ ನನ್ನಂಥವನು ಆಡಲು ಸಾಧ್ಯವಾದುದು ಇದೊಂದರಿಂದಲೇ. ಮೊಮ್ಮಗನಿಗೆ ಮಾತ್ರ ಇದು ಒಗ್ಗಲು ಒಂದು ವಾರ ಹಿಡಿಯಿತು. “ನಿಲ್ಲಿಸಿದರೆ ಸೋತಂತೆ ಅಲ್ಲವೇ ಅಜ್ಜಾ?” ಎಂದು ಅವನು ವಾದಿಸುತ್ತಿದ್ದ.

ಯುದ್ಧತಂತ್ರದ ವಿಷಯಕ್ಕೆ ಬರೋಣ. ನೌಕೆಯ ವಿದ್ಯುತ್ತು ಎಲ್ಲ ಕೋಣೆಗಳಿಗೂ ಸಾಲುವುದಿಲ್ಲ. ರಕ್ಷಾಕವಚದ ಒಂದು ಪದರಕ್ಕೇ ಎರಡು ಪಾಲು ಶಕ್ತಿ ಬೇಕು. ಶಸ್ತ್ರಕ್ಕೆ ಕೊಟ್ಟರೆ ಯಂತ್ರ ಸೊರಗುತ್ತದೆ, ಯಂತ್ರಕ್ಕೆ ಕೊಟ್ಟರೆ ಕವಚ ಸೊರಗುತ್ತದೆ. ಅನುಭವಸ್ಥರು ಆರೈಕೆಯ ಕೋಣೆಗೆ ಗಾಯಾಳು ಇದ್ದಾಗ ಮಾತ್ರ ವಿದ್ಯುತ್ತು ಕೊಡುತ್ತಾರೆ. ಶಸ್ತ್ರಗಳಲ್ಲೂ ಅನುಕ್ರಮವೇ ಮುಖ್ಯ. ಲೇಸರಿನ ಹೊಡೆತಗಳು ಮೊದಲು ಶತ್ರುವಿನ ಕವಚದ ಪದರಗಳನ್ನು ಕಳಚಬೇಕು. ಕವಚ ಬಿದ್ದ ಆ ಒಂದೆರಡು ಕ್ಷಣಗಳಲ್ಲಿ ಕಿರಣಾಸ್ತ್ರವನ್ನು ಪ್ರಯೋಗಿಸಿದರೆ ಅದು ಹಲವು ಕೋಣೆಗಳನ್ನು ಸೀಳುತ್ತದೆ. ಕ್ರಮ ತಪ್ಪಿದರೆ ಅದೇ ಅಸ್ತ್ರ ವ್ಯರ್ಥ. ಕ್ಷಿಪಣಿ ಕವಚವನ್ನು ಲೆಕ್ಕಿಸದೆ ಒಳಹೊಗುವುದು ನಿಜ, ಆದರೆ ಅವುಗಳ ದಾಸ್ತಾನು ಬೇಗ ತೀರುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದುದು ಬಾಗಿಲುಗಳ ಉಪಾಯ. ಕೋಣೆಗೆ ಬೆಂಕಿ ಬಿದ್ದರೆ ಜನರನ್ನು ಹೊರಗೆ ಕರೆದು, ಆಕಾಶದ ಕಡೆಗಿನ ಬಾಗಿಲು ತೆರೆದರೆ ಸಾಕು. ಗಾಳಿ ಹೊರಟುಹೋಗಿ ಬೆಂಕಿ ತಾನಾಗಿ ಆರುತ್ತದೆ. ಶತ್ರುಗಳು ನೌಕೆಯೊಳಗೆ ನುಗ್ಗಿದಾಗಲೂ ಇದೇ ಉಪಾಯ. ಮನೆವಾರ್ತೆ ನಡೆಸಿದ ಹೆಂಗಸರಿಗೆ ಈ ಲೆಕ್ಕಾಚಾರ ಬಹುಬೇಗ ತಿಳಿಯುತ್ತದೆಂಬುದಕ್ಕೆ ನನ್ನ ಸೊಸೆಯೇ ಸಾಕ್ಷಿ. ಅಡುಗೆಮನೆಯಿಂದ ಚಹಾ ತಂದವಳು ಪರದೆ ನೋಡಿ, “ಮಾವನವರೇ, ಆ ಬಾಗಿಲು ಮುಚ್ಚುವುದನ್ನು ಮರೆತಿದ್ದೀರಿ, ಒಳಗಿದ್ದವರಿಗೆ ಉಸಿರಿಲ್ಲ” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಸತ್ತವರು ಮರಳಿ ಬರುವುದಿಲ್ಲ, ಹಿಂದಿನ ಸ್ಥಿತಿಗೆ ಹೋಗಿ ತಪ್ಪು ತಿದ್ದುವಂತಿಲ್ಲ ಎಂಬುದು ಈ ಆಟದ ಮೂಲ ನಿಯಮ. ಎದ್ದು ಹೋಗಬೇಕಾದರೆ ಇದ್ದ ಸ್ಥಿತಿಯನ್ನು ಉಳಿಸಿ ಮುಚ್ಚಬಹುದು, ಮುಂದೊಂದು ದಿನ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ನೌಕೆ ನಾಶವಾದರೆ ಉಳಿಸಿದ್ದೂ ಅಳಿಯುತ್ತದೆ. ಒಂದು ನಿಲುಗಡೆಯಲ್ಲಿ ದೈತ್ಯ ಜೇಡಗಳ ಹಾವಳಿಗೆ ಸಿಕ್ಕ ಕೇಂದ್ರವೊಂದರಿಂದ ಸಹಾಯದ ಕೂಗು ಬಂದಿತು. ನೆರವಿಗೆ ಹೋದರೆ ಬಹುಮಾನ ಸಿಗಬಹುದು, ಒಬ್ಬರ ಪ್ರಾಣವೂ ಹೋಗಬಹುದು. ಯಾರ ಪ್ರಾಣವೆಂಬುದನ್ನು ನಾವು ಆರಿಸುವಂತಿಲ್ಲ. ನಾನು ಹೋಗೋಣವೆಂದೆ. ಹೋದದ್ದು ಅವನ ತಾಯಿಯ ಹೆಸರಿನವಳು. ಹನ್ನೆರಡು ವರ್ಷದ ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಬಂದ. ಮರುದಿನದಿಂದ ಮನೆಯವರ ಹೆಸರಿಡುವುದು ಬೇಡವೆಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು.

ಮತ್ತೆ ಮತ್ತೆ ಆಡಬೇಕೆನಿಸುವ ಗುಣ ಇದಕ್ಕೆ ಬಂದುದು ಹೇಗೆ? ಪ್ರತಿ ಪ್ರಯಾಣದಲ್ಲೂ ನಕ್ಷೆ ಬೇರೆ, ಅಂಗಡಿಯ ಸರಕು ಬೇರೆ, ಎದುರಾಗುವವರು ಬೇರೆ. ಒಂದು ಪ್ರಯಾಣ ಎರಡು ತಾಸಿನಲ್ಲಿ ಮುಗಿಯುವುದರಿಂದ ಸೋತ ದುಃಖವೂ ದೀರ್ಘವಲ್ಲ. ಸಾಧನೆಗೆ ತಕ್ಕಂತೆ ಹೊಸ ನೌಕೆಗಳು ದೊರೆಯುತ್ತವೆ, ಒಂದೊಂದರ ಸ್ವಭಾವವೂ ಭಿನ್ನ. ‘ಎಂಜಿ’ ಜನರ ನೌಕೆ ಶತ್ರುವಿನ ಯಂತ್ರಗಳನ್ನು ಸ್ತಬ್ಧಗೊಳಿಸಿ, ಹಾರುವ ಯಂತ್ರಗಳಿಂದ ಹೊಡೆಸುತ್ತದೆ. ‘ಮ್ಯಾಂಟಿಸ್’ ಜನರದು ಶತ್ರುನೌಕೆಯೊಳಕ್ಕೆ ಹೊಕ್ಕು ಕೈಕೈ ಮಿಲಾಯಿಸುವ ರೀತಿ. ಮರೆಯಾಗಬಲ್ಲ ಇನ್ನೊಂದು ನೌಕೆಗೆ ಆರಂಭದಲ್ಲಿ ಕವಚವೇ ಇಲ್ಲ. ಒಂದರಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಅರ್ಧ ಮರೆಯಬೇಕಾಗುತ್ತದೆ. 2014ರಲ್ಲಿ ತಯಾರಕರು ಹೊಸ ಶಸ್ತ್ರ, ಹೊಸ ನೌಕೆಗಳ ಜೊತೆ ಇನ್ನೂ ಕಠಿಣವಾದ ಒಂದು ಹಂತವನ್ನು, ಮೊದಲೇ ಕೊಂಡವರಿಗೆ ಉಚಿತವಾಗಿಯೇ ಸೇರಿಸಿಕೊಟ್ಟರು. ಬೆನ್ ಪ್ರಂಟಿಯವರ ಸಂಗೀತ ತಗ್ಗಿದ ಧ್ವನಿಯಲ್ಲಿರುವುದರಿಂದ ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಅಡ್ಡಿಯಿಲ್ಲ.

ದೋಷಗಳನ್ನು ಮುಚ್ಚಿಡಲಾಗದು. ಅದೃಷ್ಟದ ಪಾಲು ಕೆಲವೊಮ್ಮೆ ಮಿತಿಮೀರುತ್ತದೆ. ಬೇಕಾದ ಶಸ್ತ್ರ ಎಂಟೂ ವಲಯಗಳಲ್ಲಿ ಸಿಗದೆಯೇ ಹೋಗಬಹುದು. ಹಲವು ಪ್ರಯಾಣಗಳಾದ ಮೇಲೆ ಅವೇ ಸಂದರ್ಭಗಳು, ಅವೇ ಮಾತುಗಳು ಮರುಕಳಿಸುತ್ತವೆ. ಕೊನೆಯ ಮಹಾನೌಕೆಯನ್ನು ಮೂರು ಹಂತಗಳಲ್ಲಿ ಮೂರು ಸಲ ಸೋಲಿಸಬೇಕು. ಅಲ್ಲಿಯವರೆಗೆ ಚೆನ್ನಾಗಿ ನಡೆದ ತಂತ್ರ ಅಲ್ಲಿ ಏಕಾಏಕಿ ಕೈಕೊಡುವುದು ನ್ಯಾಯವೆನಿಸುವುದಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಗುಲಾಮರ ವ್ಯಾಪಾರಿಗಳ ಪ್ರಸಂಗ. ಸೋಲುವ ಹಂತಕ್ಕೆ ಬಂದ ಆ ವ್ಯಾಪಾರಿ, ತನ್ನನ್ನು ಬಿಟ್ಟರೆ ಒಬ್ಬ ಗುಲಾಮನನ್ನು ಕೊಡುತ್ತೇನೆನ್ನುತ್ತಾನೆ. ನಮಗೆ ಆಳುಗಳ ಕೊರತೆ ಇದ್ದೇ ಇರುತ್ತದೆ. ಒಪ್ಪಿದರೆ ಒಬ್ಬನ ಸೆರೆ ಬಿಡುತ್ತದೆ, ವ್ಯಾಪಾರಿ ಉಳಿದವರೊಂದಿಗೆ ಪಾರಾಗುತ್ತಾನೆ. ನೌಕೆಯನ್ನು ಒಡೆದರೆ ಒಳಗಿರುವವರ ಗತಿಯೇನು? ಆಟ ಇದನ್ನು ನಾಲ್ಕು ಸಾಲುಗಳಲ್ಲಿ ಹೇಳಿ ಮುಂದೆ ಸಾಗುತ್ತದೆ. ಮೊಮ್ಮಗನೂ ನಾನೂ ಆಟ ನಿಲ್ಲಿಸಿ ಆ ಸಂಜೆಯೆಲ್ಲ ಚರ್ಚಿಸಿದೆವು, ಒಮ್ಮತಕ್ಕೆ ಬರಲಿಲ್ಲ. ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಟ್ಟು ದೂರ ಹೋಗುವುದು ಸಲ್ಲದೆಂದು ಅಂದೇ ನನಗೆ ಖಚಿತವಾಯಿತು.

ರಜೆಯ ಕೊನೆಯ ರಾತ್ರಿ ನಾವು ಮಹಾನೌಕೆಯ ಮೂರನೆಯ ಹಂತ ತಲುಪಿದೆವು. ಮೂವತ್ತು ಅಂಶಗಳ ಒಡಲಿನಲ್ಲಿ ನಾಲ್ಕು ಉಳಿದಿದ್ದವು, ಕ್ಷಿಪಣಿಗಳು ತೀರಿದ್ದವು, ಶಸ್ತ್ರಾಗಾರಕ್ಕೆ ಬೆಂಕಿ ಬಿದ್ದಿತ್ತು. ಹುಡುಗ ನಾನು ಹೇಳದೆಯೇ ಸ್ಪೇಸ್ ಬಾರ್ ಒತ್ತಿದ. ಇಬ್ಬರೂ ಹತ್ತು ನಿಮಿಷ ಆ ನಿಂತ ಚಿತ್ರವನ್ನೇ ನೋಡಿದೆವು. ಬಾಗಿಲು ತೆರೆದೆವು, ಬೆಂಕಿ ಆರಿತು; ಅಷ್ಟರಲ್ಲಿ ಹೊಡೆತವೊಂದು ಬಿದ್ದು ನೌಕೆ ಸಿಡಿಯಿತು. ಗಂಟೆ ಹತ್ತೂವರೆಯಾಗಿತ್ತು. ಅವನು ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, “ಮುಂದಿನ ನೌಕೆಗೆ ನೀನೇ ಹೆಸರು ಬರೆದಿಡು ಅಜ್ಜಾ, ದೀಪಾವಳಿಗೆ ಬರುತ್ತೇನೆ” ಎಂದು ಮಲಗಲು ಹೋದ.