ಮನುಷ್ಯನ ಮದ್ದು, ನಾಯಿಗೆ ನಂಜು

ಮೂಕಪ್ರಾಣಿಗಳ ವೈದ್ಯಕ್ಕೂ ವಿಷವೈದ್ಯಕ್ಕೂ ಕನ್ನಡದಲ್ಲಿ ಪುರಾತನ ಪರಂಪರೆಯುಂಟು. 12ನೆಯ ಶತಮಾನದ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, 14ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನೂ ರಚಿಸಿದರು. ಆ ಪ್ರಾಚೀನರು ಕಾಣದಿದ್ದ ವಿಷವೊಂದು ಇಂದು ನಮ್ಮ ಮನೆಯ ಗೋಡೆಗೂಡಿನಲ್ಲಿಯೇ ಇದೆ. ಅದು ನಾವು ನಿತ್ಯ ಸೇವಿಸುವ ಗುಳಿಗೆ.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ನಾಯಿಯು ಅಲಂಕಾರದ ಪ್ರಾಣಿಯಲ್ಲ. ಕುರಿಹಟ್ಟಿಗೂ ಹೊಲಮನೆಗೂ ಅದೇ ಕಾವಲು. ಕೈತಪ್ಪಿ ಬಿದ್ದ ಗುಳಿಗೆಯನ್ನು ಅದು ರೊಟ್ಟಿಯ ಚೂರಿನಂತೆ ನುಂಗಿಬಿಡುತ್ತದೆ. 60 ಕಿಲೋ ತೂಕದ ಮನುಷ್ಯನಿಗೆಂದು ಅಳೆದ ಮದ್ದು 10 ಕಿಲೋ ತೂಕದ ನಾಯಿಗೆ ತೂಕದ ಲೆಕ್ಕದಲ್ಲಿ ಆರು ಪಟ್ಟಾಗುತ್ತದೆ. ಅದಲ್ಲದೆ ಕೆಲವು ಮದ್ದುಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿಯೇ ಅದರ ದೇಹಕ್ಕಿಲ್ಲ. ಜ್ವರದ ಪ್ಯಾರಾಸಿಟಮಾಲ್ ಮಿತಿಮೀರಿದರೆ ಯಕೃತ್ತನ್ನು ಕೆಡಿಸುತ್ತದೆ. ನೋವಿನ ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳು ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಘಾಸಿಗೊಳಿಸುತ್ತವೆ. ಕ್ಷಯರೋಗದ ಐಸೋನಿಯಾಜಿಡ್ ಅಲ್ಪಕಾಲದಲ್ಲಿಯೇ ಸೆಳವು ತರಿಸಿ ಪ್ರಾಣವನ್ನೇ ತೆಗೆಯಬಲ್ಲದು. ಒಂದು ಜೀವಿಯ ಮದ್ದು ಇನ್ನೊಂದಕ್ಕೆ ಮೃತ್ಯುವಾಗುವುದಕ್ಕೆ ರಣಹದ್ದುಗಳೇ ನಿದರ್ಶನ. ಡೈಕ್ಲೋಫೆನಾಕ್ ಪಡೆದಿದ್ದ ದನಗಳ ಕಳೇಬರವನ್ನು ತಿಂದು ಅವು ಅಸಂಖ್ಯವಾಗಿ ಅಳಿದುದರಿಂದ, 2006ರಲ್ಲಿ ಭಾರತ ಸರಕಾರವು ಪಶುಗಳಿಗೆ ಆ ಮದ್ದನ್ನು ನಿಷೇಧಿಸಿತು.

ಇಂತಹ ಪ್ರಸಂಗದಲ್ಲಿ ಮಾಡತಕ್ಕುದೇನು? ಮೊದಲು ಉಳಿದ ಗುಳಿಗೆಗಳನ್ನು ಆಯ್ದು ದೂರವಿರಿಸಬೇಕು. ನುಂಗಿದ ಮದ್ದಿನ ಹೆಸರು, ಸುಮಾರು ಎಷ್ಟು ಗುಳಿಗೆ, ಯಾವ ಹೊತ್ತಿನಲ್ಲಿ, ನಾಯಿಯ ತೂಕವೆಷ್ಟು ಎಂಬ ನಾಲ್ಕನ್ನು ಬರೆದಿಟ್ಟುಕೊಳ್ಳಬೇಕು. ಒಡನೆಯೇ ಪಶುವೈದ್ಯರಿಗೆ ತಿಳಿಸಿ, ಗುಳಿಗೆಯ ಪಟ್ಟಿಯ ಸಮೇತ ನಾಯಿಯನ್ನು ದನದ ದವಾಖಾನೆಗೆ ಒಯ್ಯಬೇಕು. ದವಾಖಾನೆ ದೂರವಿದ್ದಲ್ಲಿ ಸಂಚಾರಿ ಪಶುಚಿಕಿತ್ಸಾಲಯದ 1962 ಸಂಖ್ಯೆಗೆ ಕರೆಮಾಡಬಹುದು. ಮದ್ದಿನ ಹೆಸರು ತಿಳಿದರೆ ಪ್ರತಿವಿಷವನ್ನು ಆರಿಸುವುದು ಸುಲಭ. ಐಸೋನಿಯಾಜಿಡ್‌ಗೆ ಬಿ-6 ಜೀವಸತ್ವದ ಸೂಜಿಮದ್ದೇ ಪ್ರತಿವಿಷ.

ಮಾಡಬಾರದುದನ್ನೂ ಅರಿತಿರಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ, ಉಪ್ಪೇ ವಿಷವಾಗಬಹುದು. ಹಾಲು, ತುಪ್ಪ, ಎಣ್ಣೆಗಳನ್ನು ಬಾಯಿಗೆ ಸುರಿದರೆ ಅವು ಶ್ವಾಸಕೋಶವನ್ನು ಹೊಗುವ ಭಯವುಂಟು. ವಾಂತಿ ಮಾಡಿಸಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅದರಿಂದ ಫಲ ದೊರೆಯುವುದು ಬಹುಮಟ್ಟಿಗೆ ಮೊದಲಿನ ಒಂದೆರಡು ತಾಸುಗಳಲ್ಲಿ ಮಾತ್ರ. ಜೊಲ್ಲು ಸುರಿಯುವುದು, ತೂರಾಡುವುದು, ಒಸಡು ಕಂದುವುದು, ಕಪ್ಪು ಮಲ ಇವು ವಿಷಲಕ್ಷಣಗಳು. ಆದರೆ ಅವು ತೋರುವವರೆಗೆ ಕಾಯುತ್ತ ಕುಳಿತರೆ ಚಿಕಿತ್ಸೆಯ ಹೊತ್ತು ಮೀರಿರುತ್ತದೆ.

ಸಕಲ ಪ್ರಾಣಿಗಳಲ್ಲಿ ದಯೆಯಿರಬೇಕೆಂಬುದು ಶರಣರ ಬೋಧೆ. ಆ ದಯೆಗೆ ಎಚ್ಚರವು ಜೊತೆಗೂಡಬೇಕು. ಮುಚ್ಚಳವುಳ್ಳ ಡಬ್ಬಿಯಲ್ಲಿ ಮದ್ದನ್ನು ಎತ್ತರದಲ್ಲಿರಿಸುವ ಪಾಠವನ್ನು ನಮ್ಮ ಶಿಕ್ಷಕ ಬಂಧುಗಳು ಮಕ್ಕಳಿಗೆ ಹೇಳಿಕೊಟ್ಟರೆ ಬಾಗಿಲ ಕಾವಲಿನ ನಾಯಿಯೂ ಉಳಿದೀತು, ತೊಟ್ಟಿಲಿಳಿದ ಕೂಸೂ ಉಳಿದೀತು.