ಉದ್ಯೋಗಯೋಜಕನ ವರ್ಷಸಂಕಲ್ಪ

ಸಂಸ್ಕೃತದಲ್ಲಿ 'ಯುಜ್' ಎಂಬುದೊಂದು ಧಾತುವಿರುವುದು. ಕೂಡಿಸು, ಹೂಡು ಎಂದು ಅದರ ಅರ್ಥವು. ಉದ್ಯೋಗ, ಯೋಗ್ಯತೆ, ಯೋಜನೆ ಎಂದು ನಾವು ನಿತ್ಯವೂ ಆಡುವ ಮೂರು ಮಾತುಗಳು ಈ ಒಂದೇ ಧಾತುವಿನಿಂದ ಹುಟ್ಟಿದವುಗಳಾಗಿವೆ. ಯೋಗ್ಯತೆಯುಳ್ಳವನನ್ನು ಉದ್ಯೋಗದೊಡನೆ ಕೂಡಿಸುವವನೇ ಯೋಜಕನು. ಈ ಕೆಲಸವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವರು ಇಂದು ನಮ್ಮ ಬಾಗಲಕೋಟೆಯಂಥ ಜಿಲ್ಲಾಸ್ಥಳದಲ್ಲಿಯೂ ಇರುವರು. ಜನರು ಅವರ ಕಚೇರಿಯನ್ನು 'ಕನ್ಸಲ್ಟನ್ಸಿ' ಎಂದು ಕರೆಯುವರು. ಇವರು ವರ್ಷಾರಂಭದಲ್ಲಿ ಎಂಥ ಸಂಕಲ್ಪವನ್ನು ಮಾಡತಕ್ಕದ್ದೆಂಬುದು ಇವರೊಬ್ಬರ ಪ್ರಶ್ನೆಯೆಂದು ವಾಚಕರು ತಿಳಿಯಬಾರದು. ಮಗನನ್ನೋ ಮಗಳನ್ನೋ ಇವರ ಮಾತನ್ನು ನಂಬಿ ಪರಸ್ಥಳಕ್ಕೆ ಕಳಿಸುವ ಪ್ರತಿಯೊಂದು ಮನೆತನದ ಪ್ರಶ್ನೆಯೂ ಅದಾಗಿರುವುದು.

ಒಂದು ಯುಗಾದಿಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ತಗ್ಗಿನ ಭಾಗವು ಮುಳುಗಿದ್ದರಿಂದ ನಿರ್ಮಾಣವಾದ ನವನಗರದಲ್ಲಿ ಅವನ ಕಚೇರಿಯಿದೆ. ಬೇವು ಬೆಲ್ಲ ಮುಗಿದ ಮೇಲೆ ಅವನು ಉತ್ಸಾಹದಿಂದ, "ಗುರುಗಳೇ, ಹೋದ ವರ್ಷ ತೊಂಬತ್ತು ಮಂದಿಗೆ ನೌಕರಿ ಹಚ್ಚಿದೆನ್ರಿ. ಈ ವರ್ಷ ನೂರೈವತ್ತು ಅಂತ ಬರಕೊಂಡೀನ್ರಿ" ಎಂದನು.

"ಬಹಳ ಸಂತೋಷಪ್ಪಾ. ಆ ತೊಂಬತ್ತರೊಳಗ ಇವತ್ತು ಅಲ್ಲೇ ಉಳಿದವರು ಎಷ್ಟು ಮಂದಿ?" ಎಂದು ಕೇಳಿದೆನು. ಅವನು ಸುಮ್ಮನಾದನು. ಅಂಥದೊಂದು ಲೆಕ್ಕವನ್ನು ಅವನು ಇಟ್ಟಿರಲೇ ಇಲ್ಲ.

ಎಂಟು ದಿನಗಳ ತರುವಾಯ ಅವನು ಒಬ್ಬೊಬ್ಬರಿಗೂ ದೂರವಾಣಿಯಿಂದ ಮಾತನಾಡಿ ಲೆಕ್ಕವನ್ನು ತಂದನು. 90 ಜನರಲ್ಲಿ 58 ಜನರು ಕೆಲಸದಲ್ಲಿದ್ದರು. 32 ಜನರು ಬಿಟ್ಟು ಬಂದಿದ್ದರು. ಅವರಲ್ಲಿ 21 ಜನರು ಮೂರು ತಿಂಗಳೊಳಗೇ ಮರಳಿದವರು. ಮೂರು ತಿಂಗಳೊಳಗೆ ಬಿಟ್ಟುಹೋದವರ ಸ್ಥಾನಕ್ಕೆ ಬೇರೊಬ್ಬರನ್ನು ಶುಲ್ಕವಿಲ್ಲದೆ ಒದಗಿಸುವ ಕರಾರು ಅವನಿಗಿದ್ದುದರಿಂದ, ಆ ದುಡಿಮೆಯೆಲ್ಲ ಎರಡು ಸಾರೆ ಆಗಿತ್ತು. ಬಿಟ್ಟು ಬಂದ ಕಾರಣಗಳನ್ನು ವಿಂಗಡಿಸಿದೆವು. ರಾತ್ರಿಯ ಪಾಳಿಯನ್ನಾಗಲಿ ಕೆಲಸದ ಸ್ಥಳವನ್ನಾಗಲಿ ಮುಂಚಿತವಾಗಿ ತಿಳಿಸದೆ ಇದ್ದುದರಿಂದ 13. ಕೋಣೆಯ ಬಾಡಿಗೆ, ಊಟಗಳನ್ನು ಕಳೆದರೆ ಸಂಬಳದಲ್ಲಿ ಏನೂ ಉಳಿಯದೆ 9. ಹೇಳಿದ ಕೆಲಸವೇ ಬೇರೆ, ಕೊಟ್ಟ ಕೆಲಸವೇ ಬೇರೆ ಆದುದರಿಂದ 6. ಮನೆಯಲ್ಲಿ ಹಿರಿಯರ ಜಡ್ಡಿನ ನಿಮಿತ್ತ 4. ಕೊನೆಯ ನಾಲ್ವರನ್ನು ಬಿಟ್ಟರೆ ಮಿಕ್ಕ 28 ಜನರು ಮರಳಿದುದು, ಕಳಿಸುವ ಮುಂಚೆ ಕೇಳತಕ್ಕ ಮಾತನ್ನು ಕೇಳದೆ ಇದ್ದುದರ ಫಲವು.

ಅವರಲ್ಲೊಬ್ಬನು ಇಳಕಲ್ಲಿನ ನೇಕಾರನ ಮಗನು. ಬೆಂಗಳೂರಿನಲ್ಲಿ ಕೋಣೆಯ ಠೇವಣಿಗೆಂದು ಅವನ ತಂದೆಯು ಮಗ್ಗದ ಸಾಹುಕಾರರಿಂದ ಮುಂಗಡವನ್ನು ಪಡೆದಿದ್ದನು. ಹುಡುಗನು ನಲವತ್ತು ದಿನಗಳಲ್ಲಿ ಮರಳಿ ಬಂದನು. ಮುಂಗಡವು ಮಾತ್ರ ಮರಳಲಿಲ್ಲ. ತಂದೆಯು ಅದನ್ನು ಸೀರೆ ಸೀರೆಗೂ ಕೂಲಿಯಲ್ಲಿ ಮುರಿಸಿಕೊಳ್ಳುತ್ತ ಕುಳಿತಿದ್ದನು. ನನ್ನ ಶಿಷ್ಯನ ಪುಸ್ತಕದಲ್ಲಾದರೋ ಈ ಹುಡುಗನು ವರ್ಷದ ಜಯಗಳಲ್ಲಿ ಒಂದಾಗಿ ಎಣಿಸಲ್ಪಟ್ಟಿದ್ದನು!

ಇಳಕಲ್ಲಿನ ಮಗ್ಗವನ್ನು ಕಂಡವರಿಗೆ ಇದರ ತಪ್ಪು ಬೇಗನೆ ತಿಳಿಯುವುದು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರುವುದುಂಟು. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ಸಿಕ್ಕಿಸಿ ಎರಡನ್ನೂ ಕೂಡಿಸುವರು; ಇದಕ್ಕೆ 'ಕೊಂಡಿ' ಎಂದು ಹೆಸರು. ಕೊಂಡಿಯು ಭದ್ರವಾಗಿದೆಯೋ ಇಲ್ಲವೋ ಎಂಬುದು ನೇಯ್ಗೆಯು ಮುಂದುವರಿದಂತೆ ಗೊತ್ತಾಗುವುದು. ಎಷ್ಟು ಕೊಂಡಿಗಳನ್ನು ಹಾಕಿದೆನೆಂದು ಯಾವ ನೇಕಾರನೂ ಹೆಚ್ಚಳಪಡಲಾರನು. ಸೀರೆಯು ಎಷ್ಟು ಬಾಳಿತೆಂದು ಉಟ್ಟವರು ಹೇಳಬೇಕು. ಯೋಜಕನ ಕಾರ್ಯವೂ ಇಂಥದೇ.

ಹಾಗಾದರೆ ಸಂಕಲ್ಪವು ಹೇಗಿರತಕ್ಕದ್ದು? ನಾವಿಬ್ಬರೂ ಕೂಡಿ ಅದನ್ನು ಮೂರು ಭಾಗ ಮಾಡಿದೆವು.

ಮೊದಲನೆಯದು ಫಲದ ಸಂಕಲ್ಪವು. 150ನ್ನು ಹೊಡೆದುಹಾಕಿ 100 ಎಂದು ಬರೆದೆವು. ಅದರ ಪಕ್ಕದಲ್ಲಿ, ಒಂದು ವರ್ಷದ ತರುವಾಯ ಇವರಲ್ಲಿ 85 ಜನರು ಅದೇ ಕೆಲಸದಲ್ಲಿರಬೇಕೆಂದು ಬರೆದೆವು. ಇದನ್ನು ತಿಳಿಯಲು ಸೇರಿದ ಮೊದಲನೆಯ, ಮೂರನೆಯ, ಆರನೆಯ, ಹನ್ನೆರಡನೆಯ ತಿಂಗಳಲ್ಲಿ ಪ್ರತಿಯೊಬ್ಬರನ್ನೂ ವಿಚಾರಿಸುವುದು.

ಎರಡನೆಯದು ಕ್ರಿಯೆಯ ಸಂಕಲ್ಪವು. ಫಲವು ಧಣಿಯ ಇಚ್ಛೆ, ಪೇಟೆಯ ಸ್ಥಿತಿ ಮೊದಲಾದವುಗಳನ್ನು ಅವಲಂಬಿಸಿರುವುದು. ಕ್ರಿಯೆಯು ನಮ್ಮ ಅಧೀನವು. ಹಿಂದಿನ ವರ್ಷ 450 ಜನರನ್ನು ಸಂದರ್ಶನಕ್ಕೆ ಕಳಿಸಿದಾಗ 90 ಜನರು ಸೇರಿದ್ದರು, ಅಂದರೆ ಐವರಲ್ಲಿ ಒಬ್ಬರು. ಅದೇ ಪ್ರಮಾಣದಲ್ಲಿ 100 ಜನರಿಗೆ 500 ಜನರನ್ನು ಕಳಿಸಬೇಕು. ತಿಂಗಳಿಗೆ ಸುಮಾರು 42. ಆದರೆ ತಿಂಗಳುಗಳೆಲ್ಲ ಒಂದೇ ಸಮನಲ್ಲ. ಹುನಗುಂದ, ಬಾದಾಮಿಗಳ ಮಳೆಯಾಶ್ರಿತ ಹಳ್ಳಿಗಳ ತರುಣರು ಬಿತ್ತಿಗೆ, ಸುಗ್ಗಿಗಳ ಕಾಲದಲ್ಲಿ ಮನೆ ಬಿಡಲಾರರು. ಪುಷ್ಯಮಾಸದಲ್ಲಿ ಬಾದಾಮಿಯ ಬನಶಂಕರಿಯ ಜಾತ್ರೆ; ಪರಸ್ಥಳದಲ್ಲಿದ್ದವರೇ ಊರಿಗೆ ಬರುವ ಹೊತ್ತಿನಲ್ಲಿ ಊರಲ್ಲಿದ್ದವರು ಹೊರಡುವರೇ? 1963ರಲ್ಲಿ ಸ್ಥಾಪಿತವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು, 2008ರಲ್ಲಿ ಆರಂಭವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇವುಗಳ ವಿದ್ಯಾರ್ಥಿಗಳು ಪರೀಕ್ಷೆಯ ದಿನಗಳಲ್ಲಿ ಕೈಗೆ ಸಿಕ್ಕುವುದಿಲ್ಲ. ಆದಕಾರಣ ಪಂಚಾಂಗವನ್ನು ಮುಂದಿಟ್ಟುಕೊಂಡು, ಕೆಲವು ತಿಂಗಳಿಗೆ 60, ಕೆಲವಕ್ಕೆ 20 ಎಂದು ಹಂಚಿ, ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ತಿದ್ದಿಕೊಳ್ಳಬೇಕೆಂದು ಗೊತ್ತುಮಾಡಿದೆವು.

ಮೂರನೆಯದು ವಿದ್ಯೆಯ ಸಂಕಲ್ಪವು. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ವಿಧದಿಂದ ಪರೀಕ್ಷಿಸಿ, ಯಾವುದರಲ್ಲಿ ಶುದ್ಧರೆಂದು ಕಂಡುಬಂದರೋ ಅದಕ್ಕೆ ತಕ್ಕ ಕಾರ್ಯದಲ್ಲಿ ಅವರನ್ನು ನೇಮಿಸಬೇಕೆನ್ನುತ್ತಾನೆ. ನೌಕರನ ಪರೀಕ್ಷೆಯು ಹೀಗೆ ಹಳೆಯದು. ನೌಕರಿಯ ಪರೀಕ್ಷೆಯನ್ನೂ ಯೋಜಕನು ಕಲಿಯಬೇಕಾಗಿದೆ. ತಿಂಗಳಿಗೆ ಒಂದಾದರೂ ಕೆಲಸದ ಸ್ಥಳವನ್ನು ತಾನೇ ಹೋಗಿ ನೋಡಿ, ಪಾಳಿ, ವಸತಿ, ಕೈಗೆ ಬರುವ ಸಂಬಳ, ಅಲ್ಲಿ ಮೊದಲೇ ಇರುವ ನಮ್ಮ ಭಾಗದವರ ಅನುಭವ ಇವುಗಳನ್ನು ಬರೆದುಕೊಂಡು ಬರುವುದೆಂದು ಶಿಷ್ಯನು ಒಪ್ಪಿದನು.

ಇನ್ನು ಹಣದ ಮಾತು. ಶುಲ್ಕವನ್ನು ಕೆಲಸ ಕೊಡುವವರಿಂದ ಪಡೆಯತಕ್ಕದ್ದು. ಕೆಲಸ ಬೇಡುವ ಬಡವನಿಂದಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1997ರಲ್ಲಿ ಅಂಗೀಕರಿಸಿದ 181ನೆಯ ಒಡಂಬಡಿಕೆಯಲ್ಲಿಯೂ ಇದೇ ತತ್ತ್ವವು ಹೇಳಲ್ಪಟ್ಟಿದೆ. ಈ ಒಂದು ವಾಕ್ಯವನ್ನು ಶಿಷ್ಯನು ತನ್ನ ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದುಕೊಂಡನು.

ಗೃಹಸ್ಥರಾದ ವಾಚಕರು ಇದರಿಂದ ಗ್ರಹಿಸಬೇಕಾದ ಮಾತೊಂದಿದೆ. ನಿಮ್ಮ ಮಕ್ಕಳನ್ನು ಯಾರಾದರೂ ನೌಕರಿಗೆ ಕರೆದರೆ, 'ಸಂಬಳ ಎಷ್ಟು?' ಎಂಬಲ್ಲಿಗೆ ನಿಲ್ಲಬೇಡಿರಿ. ಕೆಲಸವು ಯಾವ ಊರಲ್ಲಿ, ಯಾವ ಹೊತ್ತಿನಲ್ಲಿ? ಕಡಿತಗಳೆಲ್ಲ ಹೋಗಿ ಕೈಗೆ ಬರುವುದೆಷ್ಟು? ಈ ಮೊದಲು ಅಲ್ಲಿಗೆ ಕಳಿಸಿದವರಲ್ಲಿ ಎಷ್ಟು ಜನರು ಉಳಿದಿರುವರು? ಅವರಲ್ಲೊಬ್ಬರ ಸಂಗಡ ಮಾತನಾಡಬಹುದೇ? ಇಷ್ಟನ್ನು ಕೇಳಿರಿ. ವಿದೇಶದ ಕೆಲಸವಾದರೆ, 1983ರ ವಲಸೆ ಕಾಯಿದೆಯ ಮೇರೆಗೆ ಆ ಏಜಂಟನು ನೋಂದಣಿ ಪಡೆದವನೋ ಎಂಬುದನ್ನು ಅವಶ್ಯವಾಗಿ ವಿಚಾರಿಸಿರಿ. ಸತ್ಯವಂತನಾದ ಯೋಜಕನು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಮರುವರ್ಷದ ಯುಗಾದಿಗೆ ಶಿಷ್ಯನು ಪುನಃ ಬಂದನು. ಸೇರಿಸಿದವರು 94, ಬಿಟ್ಟು ಬಂದವರು ಅದುವರೆಗೆ 11. ನೂರು ತುಂಬಲಿಲ್ಲವೆಂದು ಅವನಿಗೆ ಸ್ವಲ್ಪ ಖೇದವಿತ್ತು. "ಮತ್ತ ಆ ಇಳಕಲ್ಲಿನ ಹುಡುಗ?" ಎಂದೆನು. ಅವನನ್ನು ಹುನಗುಂದದಲ್ಲಿಯೇ ಒಂದು ಅಂಗಡಿಯ ಲೆಕ್ಕದ ಕೆಲಸಕ್ಕೆ ಹಚ್ಚಿದ್ದಾನಂತೆ. ಸಂಬಳವು ಬೆಂಗಳೂರಿನದಕ್ಕಿಂತ ಕಡಿಮೆ. ಆದರೆ ದಿನಾಲು ಸಂಜೆಗೆ ಮನೆಗೆ ಬರುತ್ತಾನೆ, ತಂದೆಯ ಮುಂಗಡದಲ್ಲಿ ಅರ್ಧವು ತೀರಿದೆ. ಈ ಸುದ್ದಿಯನ್ನು ಹೇಳುವಾಗ ಶಿಷ್ಯನು ಪುಸ್ತಕವನ್ನು ತೆರೆದು ನೋಡಲಿಲ್ಲ.