ಸ್ವಾತಂತ್ರ್ಯದ ಸ್ಮಾರಕ ನಾಣ್ಯಗಳು: ಚಿತ್ರ, ಚಲಾವಣೆ ಮತ್ತು ಜನಸ್ಮೃತಿ

ನಾಣ್ಯಗಳ ಅಧ್ಯಯನವು ನಮ್ಮಲ್ಲಿ ಬಹುಮಟ್ಟಿಗೆ ಶಾಸನ ಮತ್ತು ರಾಜವಂಶಗಳ ಇತಿಹಾಸಕ್ಕೆ ಪೂರಕ ಸಾಮಗ್ರಿಯಾಗಿಯೇ ನಡೆದುಬಂದಿದೆ. ಅಕ್ಷರ ಬಾರದವರ ಕೈಯಲ್ಲಿ ನಾಣ್ಯವು ಮೊದಲು ಒಂದು ಚಿತ್ರ ಎಂಬ ಅಂಶಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಸ್ವತಂತ್ರ ಭಾರತವು ತನ್ನ ಹುಟ್ಟಿನ ಕಥೆಯನ್ನು ನಾಣ್ಯದ ಮೇಲೆ ಹೇಗೆ ಹೇಳಿಕೊಂಡಿತು, ಆ ಕಥೆ ಯಾರ ಕೈ ಸೇರಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ವಾತಂತ್ರ್ಯವು 1947ರಲ್ಲಿ ಬಂದರೂ ನಾಣ್ಯದ ಮೇಲೆ ಕಾಣಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಅಲ್ಲಿಯವರೆಗೆ ಆರನೆಯ ಜಾರ್ಜನ ತಲೆಯೇ ಚಲಾವಣೆಯಲ್ಲಿತ್ತು. ರೂಪಾಯಿಯ ಇನ್ನೊಂದು ಮುಖದಲ್ಲಿ ಹುಲಿಯಿತ್ತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಸ್ಥಿತಿ ಇನ್ನೂ ಭಿನ್ನ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೂ ಕೆಲವು ವರ್ಷ ಅಲ್ಲಿ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ನಡೆಯಿತು. ರಾಷ್ಟ್ರದ ಹುಟ್ಟಿನ ದಿನಾಂಕ ಒಂದೇ ಆಗಿದ್ದರೂ ಸಂತೆಯಲ್ಲಿ ಅದು ಎಲ್ಲೆಡೆ ಒಂದೇ ದಿನ ಬರಲಿಲ್ಲ.

1950ರ ಆಗಸ್ಟ್ 15ರಂದು ಬಂದ ಹೊಸ ಸರಣಿಯಲ್ಲಿ ರಾಜನ ಬದಲು ಅಶೋಕಸ್ತಂಭದ ಸಿಂಹ, ರೂಪಾಯಿಯ ಹುಲಿಯ ಬದಲು ತೆನೆ ಬಂದವು. ಅರ್ಧ ಆಣೆ, ಒಂದಾಣೆ, ಎರಡಾಣೆಗಳಲ್ಲಿ ಎತ್ತು, ಪೈಸೆಯಲ್ಲಿ ಕುದುರೆ. ಹದಿನಾರಾಣೆಯ ಲೆಕ್ಕ ಮಾತ್ರ 1957ರವರೆಗೆ ಹಾಗೆಯೇ ಉಳಿಯಿತು. ಎತ್ತು, ಕುದುರೆಗಳ ಮೂಲ ಸಾರನಾಥದ ಶಿಲ್ಪ. ಆದರೆ ಸಾರನಾಥದ ಹೆಸರನ್ನೇ ಕೇಳದ ಒಕ್ಕಲಿಗನಿಗೂ ಎತ್ತು, ತೆನೆಗಳನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಹೆಸರಿಗೆ ಸ್ಮಾರಕವಲ್ಲದಿದ್ದರೂ, ಗಣರಾಜ್ಯದ ಸ್ಥಾಪನೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ನಾಣ್ಯಸರಣಿ ಮತ್ತೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಸ್ಮಾರಕ ನಾಣ್ಯಗಳ ಪರಂಪರೆ ಆರಂಭವಾದದ್ದು 1964ರಲ್ಲಿ, ನೆಹರೂ ಅವರ ನಿಧನದ ತರುವಾಯ. 1969ರಲ್ಲಿ ಗಾಂಧೀಜಿಯವರ ಶತಮಾನೋತ್ಸವದ ನಾಣ್ಯಗಳು ಬಂದವು. ಹೀಗೆ ರಾಜನ ತಲೆಯಿದ್ದ ಜಾಗಕ್ಕೆ ನಾಯಕನ ಮುಖ ಬಂದಿತು. ಇದಕ್ಕೆ ಅಪವಾದವೆಂಬಂತೆ 1972ರ ರಜತೋತ್ಸವದ ನಾಣ್ಯದಲ್ಲಿ ಸಂಸತ್ ಭವನದ ಮುಂದೆ ಧ್ವಜ ಹಿಡಿದು ನಿಂತಿರುವ ಗಂಡು ಹೆಣ್ಣುಗಳಿಗೆ ಹೆಸರಿಲ್ಲ. ವೀರರ ಹೆಸರು ಹಿಡಿದು ಹಾಡುವ ನಮ್ಮ ಲಾವಣಿಗಳಲ್ಲಿಯೂ ಹೆಸರಿಲ್ಲದ ದಂಡು ಹಿಂದೆ ಇದ್ದೇ ಇರುತ್ತದೆ. ಇಲ್ಲಿ ಆ ದಂಡೇ ಮುಂದೆ ಬಂದಿದೆ. 1997ರ ಸುವರ್ಣೋತ್ಸವದ ನಾಣ್ಯದ ದಂಡಿಯಾತ್ರೆಯಲ್ಲಿ ಗಾಂಧೀಜಿ ಮುಂದಿದ್ದರೂ ಜನ ಜೊತೆಗಿದ್ದಾರೆ.

ಈ ಎರಡು ಉತ್ಸವಗಳ ನಾಣ್ಯಗಳೂ ಎರಡೆರಡು ಬಗೆಯಲ್ಲಿ ಬಂದವೆಂಬುದು ಮುಖ್ಯ. ಐವತ್ತು ಪೈಸೆಯದು ಸಂತೆಗೆ, ಬೆಳ್ಳಿಯದು ಸಂಗ್ರಾಹಕರಿಗೆ. 2022ರ ಅಮೃತ ಮಹೋತ್ಸವದ ಲಾಂಛನವೂ ಒಂದರಿಂದ ಇಪ್ಪತ್ತು ರೂಪಾಯಿವರೆಗಿನ ಐದು ಮೌಲ್ಯಗಳ ನಾಣ್ಯಗಳ ಮೇಲೆ ಬಂದಿತು. ಆದರೆ 2023ರ ಮೇ 28ರಂದು ನೂತನ ಸಂಸತ್ ಭವನದ ಉದ್ಘಾಟನೆಗೆಂದು ಬಿಡುಗಡೆಯಾದ 75 ರೂಪಾಯಿಯ ನಾಣ್ಯ ಚಲಾವಣೆಗೆ ಬಂದದ್ದಲ್ಲ. 44 ಮಿಲಿಮೀಟರ್ ವ್ಯಾಸ, 35 ಗ್ರಾಂ ತೂಕ, ಅರ್ಧದಷ್ಟು ಬೆಳ್ಳಿ. ಅದರ ಮೇಲೆ ಭವನವಿದೆ. 1972ರ ಗಂಡು ಹೆಣ್ಣುಗಳಿಲ್ಲ.

ಚಲಾವಣೆಗೆ ಬಾರದ ನಾಣ್ಯ ಜನಪದರಿಗೆ ಹೊಸದೇನಲ್ಲ. ರಾಮಟಂಕಗಳನ್ನು ಯಾರೂ ಅಂಗಡಿಗೆ ಒಯ್ಯಲಿಲ್ಲ, ದೇವರ ಮನೆಯಲ್ಲಿಟ್ಟರು. ಪುತಳಿ ಸರದ ಪುತಳಿಯ ಹಿಂದೆ ದೂರದ ವೆನಿಸ್ಸಿನ ಚಿನ್ನದ ನಾಣ್ಯವಿದೆ. ಕೊರಳಿಗೇರಿದ ಮೇಲೆ ಅದು ವೆನಿಸ್ಸಿನದಾಗಿ ಉಳಿಯಲಿಲ್ಲ. ಹರಕೆಯ ಮುಡಿಪಿಗಂತೂ ಚಲಾವಣೆಯ ನಾಣ್ಯವೇ ಸಾಕು. ಈ ಎಲ್ಲ ಬಳಕೆಗಳಲ್ಲಿಯೂ ನಾಣ್ಯವು ಜನರ ಕೈಯಲ್ಲಿಯೇ ಅರ್ಥ ಬದಲಿಸಿಕೊಂಡಿದೆ. ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿ ಬರುವ ನಾಣ್ಯಕ್ಕೆ ಆ ಅವಕಾಶ ಕಡಿಮೆ.

ಐವತ್ತು ಪೈಸೆಗೆ ಈಗಲೂ ಕಾನೂನಿನ ಮಾನ್ಯತೆಯುಂಟು. 2011ರ ಜೂನ್ 30ರಿಂದ ಮಾನ್ಯತೆ ಕಳೆದುಕೊಂಡವು ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನವು ಮಾತ್ರ. ಹೀಗಿದ್ದರೂ ಅಂಗಡಿಗಳಲ್ಲಿ ಅದನ್ನು ಮುಟ್ಟುವವರಿಲ್ಲ. ರಜತೋತ್ಸವ, ಸುವರ್ಣೋತ್ಸವಗಳೆರಡನ್ನೂ ಹಳ್ಳಿಯ ಕೈಗೆ ತಲುಪಿಸಿದ್ದ ನಾಣ್ಯವೇ ಈಗ ಡಬ್ಬಿಯ ತಳ ಸೇರಿದೆ. ನಮ್ಮ ವಸ್ತುಸಂಗ್ರಹಾಲಯಗಳ ನಾಣ್ಯಪಟ್ಟಿಯಲ್ಲಿ ಇಸವಿ, ಲೋಹ, ಟಂಕಸಾಲೆಗಳ ಜೊತೆಗೆ ನಾಣ್ಯವು ಯಾರ ಮನೆಯಲ್ಲಿ, ಯಾವ ಹೆಸರಿನಲ್ಲಿ, ಯಾವ ಬಳಕೆಯಲ್ಲಿ ಇತ್ತು ಎಂಬ ಕಲಮೊಂದನ್ನು ಸೇರಿಸುವುದು ಕಷ್ಟದ ಕೆಲಸವಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕರು ಈ ಡಬ್ಬಿಗಳಿಂದಲೇ ಆರಂಭಿಸಬಹುದು.